ಎರಡನೇ ಫೋನಿನ ಮಳೆಗಾಲ

ಮೊನ್ನೆ ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿಗೆ ಬಾಣಂತಿಯೊಬ್ಬಳನ್ನು ನೋಡಲು ಹೋಗಿದ್ದೆ. ಕಾರಿಡಾರಿಗೆ ಆಗಷ್ಟೇ ಫಿನಾಯಿಲ್ ಹಾಕಿ ಒರೆಸಿದ್ದರು. ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ನನ್ನ ಬಲಗೈ ತಾನಾಗಿ ಸೊಂಟದ ಹತ್ತಿರ ಹೋಗಿ ಸೀರೆಯ ಮಡಿಕೆಯಲ್ಲಿ ಏನನ್ನೋ ಹುಡುಕಿತು. ನಡೆಯುತ್ತಿದ್ದವಳು ಅಲ್ಲೇ ನಿಂತುಬಿಟ್ಟೆ. ಜೊತೆಗೆ ಬಂದಿದ್ದ ಟೀಚರು ಏನಾಯ್ತು ಎಂದು ಕೇಳಿದರು. ಮೆಟ್ಟಿಲು ಹತ್ತಿದ್ದಕ್ಕೆ ಎಂದೆ. ನಿಜ ಹೇಳಿದ್ದರೆ ನಗುತ್ತಿದ್ದರು. ಫಿನಾಯಿಲ್ ವಾಸನೆ ಬಂದರೆ ನನಗೆ ಈಗಲೂ ಷೇರಿನ ರೇಟು ನೋಡಬೇಕು ಅನ್ನಿಸುತ್ತದೆ.

ಇದು ನಾಲ್ಕು ವರ್ಷದ ಹಿಂದಿನ ಮಳೆಗಾಲದ ಮಾತು.

ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೇ ಮೊದಲು. ಅಪ್ಪ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಲೇತ್ ಮೆಷಿನ್ನಿನ ಮುಂದೆ ನಿಂತವನು. ನಾನು ಬಿ.ಎಸ್ಸಿ. ಓದಿದ್ದು ಭದ್ರಾವತಿಯಿಂದ ಶಿವಮೊಗ್ಗಕ್ಕೆ ದಿನಾ ಬಸ್ಸಿನಲ್ಲಿ ನಿಂತು ಹೋಗಿ, ನಿಂತು ಬಂದು. ಎಂ.ಎಸ್ಸಿ. ಗಣಿತ ಮಾಡಿದ್ದು ಟ್ಯೂಷನ್ ಹೇಳಿದ ದುಡ್ಡಿನಲ್ಲಿ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮದುವೆಯ ಮಾತು ಬಂದು ಹೋಗುತ್ತಿತ್ತು, ನಾನೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಹೊಸಮನೆಯಲ್ಲಿ ಒಂದು ಮಹಡಿಯ ಮೇಲಿನ ಕೋಣೆ ಬಾಡಿಗೆಗೆ ಹಿಡಿದು, ಸವಳಂಗ ರಸ್ತೆಯ ಕಡೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಭಾನುವಾರ ಭದ್ರಾವತಿಗೆ ಹೋಗಿ ಕ್ವಾರ್ಟರ್ಸಿನಲ್ಲಿ ಅಪ್ಪ ಅಮ್ಮನ ಜೊತೆ ಊಟ ಮಾಡಿ ಸಂಜೆ ವಾಪಸು.

ನಮ್ಮ ಸ್ಕೂಲಿನಲ್ಲಿ ಒಂದು ಕಾಯಿದೆ ಇತ್ತು. ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಎಲ್ಲ ಟೀಚರುಗಳೂ ತಮ್ಮ ಫೋನನ್ನು ಹೆಡ್‌ಮೇಡಂ ಕೋಣೆಯ ಮರದ ಪೆಟ್ಟಿಗೆಯಲ್ಲಿ ಹಾಕಬೇಕು. ಪಾರಿವಾಳದ ಗೂಡಿನ ಹಾಗೆ ಅದರಲ್ಲಿ ನಂಬರು ಬರೆದ ಖಾನೆಗಳಿದ್ದವು. ನನ್ನದು ಹನ್ನೊಂದು. ಬೀಗದ ಕೈ ಆಯಾ ಶಾಂತಮ್ಮನ ಸೊಂಟದಲ್ಲಿ. ಸಂಜೆ ನಾಲ್ಕಕ್ಕೆ ವಾಪಸು. ಷೇರು ಮಾರುಕಟ್ಟೆ ತೆರೆಯುವುದು ಒಂಬತ್ತು ಹದಿನೈದಕ್ಕೆ, ಮುಚ್ಚುವುದು ಮೂರೂವರೆಗೆ. ಇದನ್ನು ಮೊದಲ ಸಲ ನನ್ನ ಗಮನಕ್ಕೆ ತಂದವರು ಫಿಸಿಕ್ಸ್ ಹೇಳುವ ಲೋಕೇಶ್ ಸರ್. ಮಾರ್ಕೆಟ್ಟಿನ ಟೈಮ್ ಟೇಬಲ್ ನೋಡಿಕೊಂಡೇ ಹೆಡ್‌ಮೇಡಂ ಈ ಪೆಟ್ಟಿಗೆ ಮಾಡಿಸಿದ್ದಾರೆ ಎಂದು ಅವರು ಸ್ಟಾಫ್‌ರೂಮಿನಲ್ಲಿ ಗೊಣಗುತ್ತಿದ್ದರು.

ನನಗೆ ಆಗ ಅದರಿಂದ ತೊಂದರೆ ಇರಲಿಲ್ಲ. ಕೆಲಸಕ್ಕೆ ಸೇರಿದ ವರ್ಷದಿಂದ ತಿಂಗಳಿಗೆ ಮೂರು ಸಾವಿರ ಒಂದು ಮ್ಯೂಚುವಲ್ ಫಂಡಿಗೆ ಹೋಗುತ್ತಿತ್ತು. ದೇಶದ ದೊಡ್ಡ ದೊಡ್ಡ ಕಂಪನಿಗಳ ಷೇರನ್ನು ಒಟ್ಟಿಗೆ ಕೊಂಡು ಸುಮ್ಮನೆ ಇಟ್ಟುಕೊಳ್ಳುವ ಫಂಡು ಅದು. ಹನ್ನೊಂದು ವರ್ಷದಲ್ಲಿ ನಾನು ಒಂದು ರೂಪಾಯಿ ತೆಗೆದಿರಲಿಲ್ಲ. ಕೊರೊನಾ ಬಂದು ಅದು ಅರ್ಧದ ಹತ್ತಿರ ಇಳಿದಾಗಲೂ ಮುಟ್ಟಿರಲಿಲ್ಲ. ಧೈರ್ಯದಿಂದಲ್ಲ. ಪಾಸ್‌ವರ್ಡ್ ಮರೆತುಹೋಗಿತ್ತು.

ಲೋಕೇಶ್ ಸರ್‌ಗೆ ಇದು ದೊಡ್ಡ ತಮಾಷೆ. "ಹನ್ನೊಂದು ವರ್ಷದಿಂದ ಒಂದೇ ಕಡೆ ಕೂತಿದೀರಲ್ಲ ಮೇಡಂ," ಅನ್ನುತ್ತಿದ್ದರು. "ಬಸ್‌ಸ್ಟ್ಯಾಂಡಲ್ಲಿ ಕೂತ ಹಂಗೆ. ಬಸ್ಸು ಬಂದು ಬಂದು ಹೋಗ್ತಾ ಇವೆ, ನೀವು ಹತ್ತಲೇ ಇಲ್ಲ." ನಾನೂ ನಗುತ್ತಿದ್ದೆ.

ಆ ವರ್ಷ ಮೇ ಕೊನೆಗೆ ಅಪ್ಪ ನಿವೃತ್ತನಾದ. ಆರು ತಿಂಗಳಲ್ಲಿ ಕ್ವಾರ್ಟರ್ಸು ಬಿಡಬೇಕಿತ್ತು. ಜನ್ನಾಪುರದಲ್ಲಿ ಎರಡು ಕೋಣೆಯ ಒಂದು ಮನೆ ನೋಡಿ, ಮುಂಗಡ ಕೊಟ್ಟು, ದೀಪಾವಳಿಗೆ ರಿಜಿಸ್ಟ್ರೇಷನ್ ಎಂದು ಮಾತಾಯಿತು. ಮನೆ ಮಾರುವವರಿಗೂ ಅಲ್ಲಿಯವರೆಗೆ ಇರಲು ಜಾಗ ಬೇಕಿತ್ತು. ಅಪ್ಪನಿಗೆ ಬಂದದ್ದು ಹದಿನೆಂಟು ಲಕ್ಷ. ರಿಜಿಸ್ಟ್ರೇಷನ್ನು, ಬಣ್ಣ ಎಲ್ಲ ಸೇರಿ ಒಂದು ಲಕ್ಷ ಕಡಿಮೆ ಬೀಳುತ್ತಿತ್ತು. ನಾನು ಕೊಡುತ್ತೇನೆ ಅಂದೆ. ಅಪ್ಪ ಕಾಫಿ ಲೋಟ ಕೆಳಗಿಟ್ಟ.

"ಮಗಳ ದುಡ್ಡಲ್ಲಿ ನಂಗೆ ಮನೆ ಬೇಡ. ಮೂವತ್ತನಾಲ್ಕು ವರ್ಷ ನಿಂತಿದೀನಿ ಕಣೇ. ಸಣ್ಣದಾದ್ರೂ ನನ್ನ ಕೈಯಿಂದ ಆಗಿದ್ದು ಅಂತ ಒಂದು ಇರ್ಲಿ."

ಆಮೇಲೆ ಅವನೇ ಅಂದ, ಈ ದುಡ್ಡು ಐದು ತಿಂಗಳು ಸುಮ್ಮನೆ ಕೂರಬೇಕಲ್ಲ, ನೀನು ಓದಿದವಳು, ಬಡ್ಡಿ ಬರುವ ಹಾಗೆ ಏನಾದರೂ ಮಾಡು, ಬಡ್ಡಿಯಲ್ಲೇ ಬಣ್ಣ ಹೊಡೆಸೋಣ. ಚೆಕ್ಕಿಗೆ ಸಹಿ ಹಾಕಿ ಅಷ್ಟೂ ದುಡ್ಡನ್ನು ನನ್ನ ಖಾತೆಗೆ ಹಾಕಿಸಿದ. ಎಷ್ಟು ಬಡ್ಡಿ, ಯಾವ ಬ್ಯಾಂಕು, ಒಂದೂ ಕೇಳಲಿಲ್ಲ. ಓದಿದವಳು ಅನ್ನುವ ಒಂದು ಮಾತಿನಲ್ಲಿ ಅವನಿಗೆ ಎಲ್ಲ ಬಂದುಹೋಗಿತ್ತು.

ಐದು ತಿಂಗಳ ದುಡ್ಡನ್ನು ಬ್ಯಾಂಕಿನಲ್ಲೇ ಇಡಬೇಕು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಡ್ಡಿ ಲೆಕ್ಕ ಹಾಕಿದೆ, ಒಂದು ಲಕ್ಷ ಆಗುತ್ತಿರಲಿಲ್ಲ. ನಾನು ಕೊಟ್ಟರೆ ಅಪ್ಪ ತೆಗೆದುಕೊಳ್ಳುವುದಿಲ್ಲ. ಅವನ ದುಡ್ಡೇ ಒಂದು ಲಕ್ಷ ಹುಟ್ಟಿಸಿದರೆ ತೆಗೆದುಕೊಳ್ಳುತ್ತಾನೆ. ಹತ್ತು ಲಕ್ಷ ಬ್ಯಾಂಕಿನಲ್ಲಿಟ್ಟು ಎಂಟು ಲಕ್ಷವನ್ನು ಷೇರಿನ ಖಾತೆಗೆ ಹಾಕಿದೆ.

ಜೂನ್, ಜುಲೈ ಎರಡು ತಿಂಗಳು ಚೆನ್ನಾಗಿ ನಡೆಯಿತು. ಬೆಳಿಗ್ಗೆ ಸಿಟಿ ಬಸ್ಸಿನಲ್ಲಿ ಕೂತು ಏನು ಕೊಳ್ಳಬೇಕೋ ಅದಕ್ಕೆ ಆರ್ಡರ್ ಹಾಕಿ, ಫೋನನ್ನು ಹನ್ನೊಂದನೇ ಖಾನೆಗೆ ಇಟ್ಟು ಕ್ಲಾಸಿಗೆ ಹೋಗುತ್ತಿದ್ದೆ. ಹೊರಗೆ ಮಳೆ, ಒಳಗೆ ಪೈಥಾಗೊರಸ್. ನಾಲ್ಕು ಗಂಟೆಗೆ ನೋಡಿದರೆ ಒಂದು ಏರಿರುತ್ತಿತ್ತು, ಒಂದು ಇಳಿದಿರುತ್ತಿತ್ತು. ಮುಚ್ಚಿದ ಅಂಗಡಿಯಲ್ಲಿ ಮಾಡಲು ಏನೂ ಇಲ್ಲವಾದ್ದರಿಂದ ಛತ್ರಿ ಬಿಚ್ಚಿ ಮನೆಗೆ ನಡೆಯುತ್ತಿದ್ದೆ. ಎರಡು ತಿಂಗಳಿಗೆ ಅರವತ್ತು ಸಾವಿರ ಲಾಭ. ಅದು ನನ್ನ ಬುದ್ಧಿ ಎಂದು ನಾನು ತಿಳಿದೆ. ಆ ಎರಡು ತಿಂಗಳು ಮಾರುಕಟ್ಟೆಯೇ ಏರುತ್ತಿತ್ತು, ನನ್ನ ಕೈಯನ್ನು ಶಾಂತಮ್ಮನ ಬೀಗ ಕಟ್ಟಿಹಾಕಿತ್ತು ಎಂಬುದು ಆಮೇಲೆ ಹೊಳೆದ ಮಾತು.

ಗಣಿತದವರಿಗೆ ಒಂದು ರೋಗವಿದೆ. ಸಂಜೆ ಮನೆಗೆ ಬಂದು ಮಕ್ಕಳ ಗ್ರಾಫ್ ಪುಸ್ತಕದಲ್ಲಿ ಆ ದಿನದ ರೇಟಿನ ಏರಿಳಿತ ಬಿಡಿಸುತ್ತಿದ್ದೆ. ಹನ್ನೊಂದು ಗಂಟೆಗೆ ಇಲ್ಲಿ ಮಾರಿ, ಒಂದೂವರೆಗೆ ಇಲ್ಲಿ ಕೊಂಡು, ಮೂರಕ್ಕೆ ಮತ್ತೆ ಇಲ್ಲಿ ಮಾರಿದ್ದರೆ ಎಷ್ಟು? ಕೆಂಪು ಪೆನ್ನಿನಲ್ಲಿ ಚುಕ್ಕಿ ಇಟ್ಟು ಕೂಡಿಸುತ್ತಿದ್ದೆ. ದಿನ ಮುಗಿದ ಮೇಲೆ ಬಿಡಿಸಿದ ಗ್ರಾಫಿನಲ್ಲಿ ಎಲ್ಲ ಗುಡ್ಡವೂ ಕಾಣುತ್ತದೆ, ಎಲ್ಲ ಹಳ್ಳವೂ ಕಾಣುತ್ತದೆ. ಉತ್ತರ ನೋಡಿಕೊಂಡು ಲೆಕ್ಕ ಮಾಡುವ ಹುಡುಗರನ್ನು ಬೈಯುವ ನಾನೇ ಅದನ್ನು ಮಾಡುತ್ತಿದ್ದೆ. ಲೆಕ್ಕ ಪ್ರತಿದಿನ ಒಂದೇ ಮಾತು ಹೇಳುತ್ತಿತ್ತು. ಫೋನು ಕೈಯಲ್ಲಿದ್ದಿದ್ದರೆ ಆ ಒಂದು ಲಕ್ಷ ಆಗಲೇ ಬಂದಿರುತ್ತಿತ್ತು.

ಆಗಸ್ಟಿನ ಮೊದಲ ಶನಿವಾರ ಗಾಂಧಿ ಬಜಾರಿಗೆ ಹೋಗಿ ಇನ್ನೊಂದು ಫೋನು ಕೊಂಡೆ. ಸಿಮ್ಮನ್ನು ಅದಕ್ಕೆ ಹಾಕಿದೆ. ಹಳೆಯ ಫೋನನ್ನು ಖಾಲಿಯಾಗಿ ಪೆಟ್ಟಿಗೆಗೆ ಇಡತೊಡಗಿದೆ. ಒಳಲಂಗಕ್ಕೆ ಸೊಂಟದ ಹತ್ತಿರ ಜೇಬು ಹೊಲಿದುಕೊಂಡೆ. ಮಕ್ಕಳು ಕಾಪಿ ಚೀಟಿ ಎಲ್ಲೆಲ್ಲಿ ಇಟ್ಟುಕೊಳ್ಳುತ್ತಾರೆ ಎಂದು ಹನ್ನೊಂದು ವರ್ಷ ಹುಡುಕಿದ ಅನುಭವ ಕೆಲಸಕ್ಕೆ ಬಂತು.

ಸ್ಕೂಲಿನಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಜಾಗ ಒಂದೇ. ಲೇಡಿ ಟೀಚರುಗಳ ಟಾಯ್ಲೆಟ್ಟು. ಶಾಂತಮ್ಮ ದಿನಕ್ಕೆ ಎರಡು ಸಲ ಅಲ್ಲಿಗೆ ಫಿನಾಯಿಲ್ ಸುರಿಯುತ್ತಿದ್ದಳು. ಎರಡನೇ ಪೀರಿಯಡ್ ಬಿಡುವು, ಐದನೆಯದು ಬಿಡುವು, ಊಟದ ಹೊತ್ತು. ಮಳೆ ತಗಡಿನ ಮೇಲೆ ಬೀಳುತ್ತಿದ್ದರೆ ಒಳಗೆ ನಾನು ಕೊಳ್ಳುತ್ತಿದ್ದೆ, ಮಾರುತ್ತಿದ್ದೆ. ನೂರು ರೂಪಾಯಿ ಲಾಭ ಕಂಡರೆ ಎಲ್ಲಿ ಹೋಗಿಬಿಡುತ್ತದೋ ಎಂದು ಮಾರುತ್ತಿದ್ದೆ. ಸಾವಿರ ರೂಪಾಯಿ ನಷ್ಟ ಕಂಡರೆ ವಾಪಸು ಬರುತ್ತದೆ ಎಂದು ಇಟ್ಟುಕೊಳ್ಳುತ್ತಿದ್ದೆ. ಕೊಂಡದ್ದಕ್ಕೂ ಕಮಿಷನ್ನು, ಮಾರಿದ್ದಕ್ಕೂ ಕಮಿಷನ್ನು, ಮೇಲೆ ತೆರಿಗೆ. ಹೊಟ್ಟೆ ಸರಿಯಿಲ್ಲವಾ ಎಂದು ಟೀಚರುಗಳು ವಿಚಾರಿಸತೊಡಗಿದರು. ಒಬ್ಬರು ದಾಳಿಂಬೆ ಸಿಪ್ಪೆಯ ಕಷಾಯ ಮಾಡಿ ಫ್ಲಾಸ್ಕಿನಲ್ಲಿ ತಂದುಕೊಟ್ಟರು. ಕುಡಿದೆ. ಬೇರೆ ದಾರಿ ಇರಲಿಲ್ಲ.

ಗಣೇಶನ ಹಬ್ಬದ ಹೊತ್ತಿಗೆ ಅರವತ್ತು ಸಾವಿರವೂ ಹೋಗಿ, ಅಪ್ಪನ ದುಡ್ಡಿನಲ್ಲೂ ಒಂದು ಲಕ್ಷ ಹೋಗಿತ್ತು. ಮಕ್ಕಳಿಗೆ ಸಮೀಕರಣ ಬಿಡಿಸುತ್ತಾ ಬೋರ್ಡಿನ ಮುಂದೆ ನಿಂತವಳಿಗೆ ಮುಂದಿನ ಹೆಜ್ಜೆ ಮರೆತುಹೋಗುತ್ತಿತ್ತು. ಹಿಂದಿನ ಬೆಂಚಿನಿಂದ ಒಬ್ಬಳು ಹೇಳಿಕೊಡುತ್ತಿದ್ದಳು.

ಭಾನುವಾರಗಳು ಇನ್ನೂ ಕಷ್ಟ. ಕ್ವಾರ್ಟರ್ಸಿನಲ್ಲಿ ಅಮ್ಮ ಪಾತ್ರೆ ಪಗಡಿಯನ್ನು ಆಗಲೇ ಗೋಣಿಚೀಲಕ್ಕೆ ತುಂಬತೊಡಗಿದ್ದಳು. ಪಕ್ಕದ ಮನೆಯ ಪಳನಿ ಮಾಮ ಬಂದು ಕೂರುತ್ತಿದ್ದರು. ಅಪ್ಪನ ಜೊತೆಯಲ್ಲೇ ಕೆಲಸಕ್ಕೆ ಸೇರಿದವರು, ಮನೆಯಲ್ಲಿ ತಮಿಳು, ನಮ್ಮ ಹತ್ತಿರ ಕನ್ನಡ. ದುಡ್ಡು ಹೇಗಿದೆ ಎಂದು ಅಪ್ಪ ಕೇಳುವನು. ಚೆನ್ನಾಗಿದೆ ಅನ್ನುವೆನು. ಪಳನಿ ಮಾಮನ ಕಡೆ ತಿರುಗಿ, ನಮ್ಮ ಹುಡುಗಿ ಎಮ್ಮೆಸ್ಸಿ ಮಾಡಿದವಳು, ದುಡ್ಡನ್ನು ಹೇಗೆ ತಿರುಗಿಸಬೇಕೋ ಅವಳಿಗೆ ಗೊತ್ತು ಅನ್ನುವನು. ನಾನು ತಟ್ಟೆಗೆ ಇನ್ನಷ್ಟು ಸಾರು ಹಾಕಿಕೊಳ್ಳುತ್ತಿದ್ದೆ.

ಸೆಪ್ಟೆಂಬರಿನ ನಡುವೆ ಲೋಕೇಶ್ ಸರ್ ಒಂದು ಸಣ್ಣ ಕಂಪನಿಯ ಹೆಸರು ಹೇಳಿದರು. ಅವರ ಯಾವುದೋ ಗ್ರೂಪಿನಲ್ಲಿ ಬಂದದ್ದು. ಒಂದು ವಾರದಿಂದ ದಿನಾ ಏರುತ್ತಿತ್ತು. ಉಳಿದಿದ್ದ ಏಳು ಲಕ್ಷವನ್ನೂ ಅದಕ್ಕೇ ಹಾಕಿದೆ. ಎರಡು ದಿನ ಏರಿತು. ಶುಕ್ರವಾರ ಸುಮ್ಮನೆ ನಿಂತಿತು. ಸೋಮವಾರ ಬೀಳಲು ಹತ್ತಿತು.

ಇಂಥ ಷೇರು ಒಂದು ದಿನಕ್ಕೆ ಇಂತಿಷ್ಟೇ ಬೀಳಬಹುದು ಎಂದು ಮಿತಿ ಇರುತ್ತದೆ. ಲೋವರ್ ಸರ್ಕ್ಯೂಟ್ ಅನ್ನುತ್ತಾರೆ. ಮಾರುಕಟ್ಟೆ ತೆರೆದ ಕ್ಷಣಕ್ಕೆ ಅಷ್ಟೂ ಬಿದ್ದು ಅಲ್ಲೇ ನಿಂತುಬಿಡುತ್ತಿತ್ತು. ಮಾರುವವರ ಸಾಲಿನಲ್ಲಿ ಲಕ್ಷಗಟ್ಟಲೆ ಷೇರು, ಕೊಳ್ಳುವವರ ಸಾಲಿನಲ್ಲಿ ಸೊನ್ನೆ. ಮಾರಬೇಕೆಂದರೂ ಮಾರಲಾಗದು. ಮರುದಿನ ಮತ್ತೆ ಅಷ್ಟೇ ಕೆಳಗೆ, ಮತ್ತೆ ಸೊನ್ನೆ. ಆರ್ಡರು ಮೂರೂವರೆಗೆ ತಾನಾಗಿ ರದ್ದಾಗುತ್ತಿತ್ತು, ಬೆಳಿಗ್ಗೆ ಹೊಸದಾಗಿ ಸಾಲಿಗೆ ನಿಲ್ಲಬೇಕು. ಮಾರುಕಟ್ಟೆ ತೆರೆಯುವ ಮೊದಲೇ, ಒಂಬತ್ತಕ್ಕೆ, ಆರ್ಡರು ತೆಗೆದುಕೊಳ್ಳಲು ಶುರುಮಾಡುತ್ತಾರೆ; ಸಾಲಿನಲ್ಲಿ ಮುಂದೆ ಸಿಗಲಿ ಎಂದು ಒಂಬತ್ತು ಗಂಟೆ ಆಗುವುದನ್ನೇ ಕಾಯುತ್ತಾ ಸವಳಂಗ ರಸ್ತೆಯ ಬಸ್ಸಿನಲ್ಲಿ ಬೆರಳು ಎತ್ತಿಕೊಂಡು ಕೂರುತ್ತಿದ್ದೆ. ಕಂಡಕ್ಟರು ಟಿಕೆಟ್ ಅಂದರೂ ಕೇಳಿಸುತ್ತಿರಲಿಲ್ಲ.

ಮೂರನೇ ದಿನ ಲೋಕೇಶ್ ಸರ್ ಸ್ಟಾಫ್‌ರೂಮಿನಲ್ಲಿ ಸಿಕ್ಕರು. ಮುಖ ಸಪ್ಪಗಿರಬಹುದು ಎಂದುಕೊಂಡಿದ್ದೆ. ಇರಲಿಲ್ಲ.

"ನಾನು ಶುಕ್ರವಾರ ಅರ್ಧ ದಿನ ರಜಾ ಹಾಕಿದ್ನಲ್ಲ ಮೇಡಂ, ಆವಾಗ್ಲೇ ಬಿಟ್ಬಿಟ್ಟೆ. ಯಾಕೋ ಸರಿ ಕಾಣ್ಲಿಲ್ಲ. ನಿಮಗೂ ಫೋನ್ ಮಾಡೋಣ ಅಂದ್ಕೊಂಡೆ. ಹೆಂಗೂ ಪೆಟ್ಟಿಗೇಲಿ ಇರುತ್ತಲ್ಲ ಅಂತ ಸುಮ್ಮನಾದೆ."

ಶುಕ್ರವಾರ ಮಧ್ಯಾಹ್ನ ಫೋನು ನನ್ನ ಸೊಂಟದಲ್ಲಿತ್ತು. ಅದನ್ನು ಅವರಿಗೆ ಹೇಳುವಂತೆಯೂ ಇರಲಿಲ್ಲ. ಹೌದಲ್ವಾ ಎಂದು ಹೇಳಿ ಹಾಜರಿ ಪುಸ್ತಕ ತೆಗೆದುಕೊಂಡು ಎಂಟನೇ ಕ್ಲಾಸಿಗೆ ಹೋದೆ.

ಆ ತಿಂಗಳ ಕೊನೆಯಲ್ಲಿ, ಹೋಯಿತು ಅಂದುಕೊಂಡಿದ್ದ ಮಳೆ ವಾಪಸು ಬಂತು. ಒಂದು ದಿನ ಮಧ್ಯಾಹ್ನ ಮಕ್ಕಳನ್ನು ಬೇಗ ಬಿಡುವುದೆಂದು ತೀರ್ಮಾನವಾಗಿ, ಪೋಷಕರಿಗೆ ಮೆಸೇಜು ಕಳಿಸಲು ಹೆಡ್‌ಮೇಡಂ ಪೆಟ್ಟಿಗೆ ತೆಗೆಸಿದರು. ಎಲ್ಲರೂ ಟಕಟಕ ಒತ್ತುತ್ತಿದ್ದಾರೆ. ನಾನು ಸತ್ತ ಫೋನು ಹಿಡಿದು ನಿಂತಿದ್ದೇನೆ. ಶಾಂತಮ್ಮ ನನ್ನನ್ನು ನೋಡಿ ಪಾಪ ಅನ್ನಿಸಿ, ಸುಜಾತ ಮಿಸ್ ಫೋನು ಎರಡು ತಿಂಗಳಿಂದ ಒಂದು ಸಲವೂ ಕುಂಯ್ ಅಂದಿಲ್ಲ, ರಿಪೇರಿಗೆ ಕೊಡಿ ಅಂದಳು. ಹೆಡ್‌ಮೇಡಂ ಕೈ ಚಾಚಿದರು. ತಿರುಗಿಸಿ, ಹಿಂದಿನ ಮುಚ್ಚಳ ತೆಗೆದು ನೋಡಿದರು. ಎಲ್ಲರೂ ಹೋದ ಮೇಲೆ ಬಾಗಿಲು ಮುಂದೆ ಮಾಡಿ, ಇದರಲ್ಲಿ ಸಿಮ್ಮೇ ಇಲ್ಲವಲ್ಲ ಅಂದರು. ನಾನು ಇನ್ನೊಂದನ್ನು ತೆಗೆದು ಮೇಜಿನ ಮೇಲಿಟ್ಟೆ. ಒಳಲಂಗದ ಜೇಬಿನಿಂದ ತೆಗೆಯುವುದನ್ನು ಅವರು ನೋಡಬೇಕಾಯಿತು. ಕಾಪಿ ಹೊಡೆದ ಹುಡುಗಿಯರನ್ನು ನಾನು ನಿಲ್ಲಿಸುತ್ತಿದ್ದ ಜಾಗದಲ್ಲೇ ನಾನು ನಿಂತಿದ್ದೆ. ಅವರು ಕಾರಣ ಕೇಳಲಿಲ್ಲ. ಏನು ಅಂದುಕೊಂಡರೋ ಇಂದಿಗೂ ಗೊತ್ತಿಲ್ಲ. ನಾಳೆಯಿಂದ ಎರಡೂ ಇಲ್ಲಿರಲಿ ಅಂದರು, ಅಷ್ಟೇ.

ಎರಡನ್ನೂ ಇಟ್ಟೆ. ಅಷ್ಟು ದಿನ ಕದ್ದುಮುಚ್ಚಿ ಇಟ್ಟುಕೊಂಡಿದ್ದ ಫೋನು ಕೈಯಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಆಗಿತ್ತು. ವಹಿವಾಟಿನ ಮೂವತ್ತೊಂದು ದಿನ ಆ ಷೇರು ಬಾಗಿಲು ತೆಗೆಯಲಿಲ್ಲ. ದಿನಕ್ಕೆ ಹದಿನೈದು ಸಲ ಮಾರುತ್ತಿದ್ದವಳು ಒಂದೇ ಒಂದು ಸಲ ಮಾರಲಾಗದೆ ಕೂತೆ. ಹನ್ನೊಂದು ವರ್ಷ ಫಂಡನ್ನು ಹಿಡಿದುಕೊಂಡು ಕೂತಿದ್ದೆನಲ್ಲ, ಆ ಕೂರುವುದರಲ್ಲಿ ನನಗೆ ಕೂತದ್ದೇ ಗೊತ್ತಾಗಿರಲಿಲ್ಲ. ಇದರಲ್ಲಿ ಬೆಳಗಾದರೆ ಬೆನ್ನು ನೋಯುತ್ತಿತ್ತು.

ಅಕ್ಟೋಬರ್ ಕೊನೆಗೆ ಒಂದು ಬೆಳಿಗ್ಗೆ ಬಸ್ಸಿನಲ್ಲಿ ಹಾಕಿದ ಆರ್ಡರು ಸಂಜೆ ನೋಡಿದಾಗ ಆಗಿತ್ತು. ಏಳು ಲಕ್ಷದಲ್ಲಿ ಒಂದೂವರೆ ಲಕ್ಷದ ಹತ್ತಿರ ವಾಪಸು ಬಂತು. ರಿಜಿಸ್ಟ್ರೇಷನ್ನಿಗೆ ಒಂಬತ್ತು ದಿನವಿತ್ತು.

ಫಂಡಿನ ಪಾಸ್‌ವರ್ಡನ್ನು ಹೊಸದಾಗಿ ಮಾಡಿಸಿ ತೆರೆದು ನೋಡಿದೆ. ನಾನು ಮುಟ್ಟದೆ ಬಿಟ್ಟದ್ದು ಏಳೂವರೆ ಲಕ್ಷ ದಾಟಿ ನಿಂತಿತ್ತು. ಮೊದಲ ಸಲ ನನಗೆ ಅಳು ಬಂದದ್ದು ಆಗ. ಎಲ್ಲವನ್ನೂ ತೆಗೆಯುವ ಗುಂಡಿ ಒತ್ತಿದೆ. ನಾಲ್ಕು ದಿನದಲ್ಲಿ ದುಡ್ಡು ಖಾತೆಗೆ ಬಂತು. ಅಪ್ಪನ ಹದಿನೆಂಟು ಲಕ್ಷ ಭರ್ತಿಯಾಯಿತು, ಬಣ್ಣದ ಒಂದು ಲಕ್ಷವೂ ಆಯಿತು. ಬಡ್ಡಿ ಬಂತು ಎಂದು ಹೇಳಿದೆ. ಅಪ್ಪ ಹೌದಾ ಎಂದು ಒಂದು ಸಲ ತಲೆಯಾಡಿಸಿದ. ಆ ತಲೆಯಾಡಿಸಿದ ರೀತಿಗೆ ನಾನು ಈ ಗುಟ್ಟನ್ನು ಸಾಯುವವರೆಗೂ ಇಟ್ಟುಕೊಳ್ಳಬಲ್ಲೆ ಅನ್ನಿಸಿತು.

ಕಾರ್ತೀಕದಲ್ಲಿ ಗೃಹಪ್ರವೇಶ. ಹಾಲು ಉಕ್ಕಿತು, ಊಟವಾಯಿತು, ಬಂದವರು ಹೋದರು. ಪಳನಿ ಮಾಮ ಮಾತ್ರ ಉಳಿದಿದ್ದರು. ಅವರಿಗೂ ಆ ತಿಂಗಳೇ ನಿವೃತ್ತಿಯ ದುಡ್ಡು ಬಂದಿತ್ತು. ಹೊಸ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅಂಗಿಯೊಳಗಿಂದ ಪ್ಲಾಸ್ಟಿಕ್ ಕವರು ತೆಗೆದು ನನ್ನ ಮುಂದೆ ಇಟ್ಟರು. ಒಳಗೆ ಚೆಕ್ ಪುಸ್ತಕ.

"ನಿಮ್ಮಪ್ಪಂಗೆ ಮಾಡ್ಕೊಟ್ಟಂಗೆ ನಂಗೂ ಒಂದು ಮಾಡ್ಕೊಡಮ್ಮ ಕಣ್ಣು. ಎಷ್ಟು ಬೇಕೋ ನೀನೇ ಬರ್ಕೋ. ನಂಗೆ ಎ, ಬಿ, ಸಿ, ಡಿ ಬರಲ್ಲ."

ಅಪ್ಪ ಗೋಡೆಗೆ ಒರಗಿ ಕೂತಿದ್ದ. ಬರೆದುಕೊಡೋ, ಯೋಚನೆ ಮಾಡಬೇಡ ಎಂದು ಅವರಿಗೆ ಧೈರ್ಯ ಹೇಳುತ್ತಿದ್ದ. ಆಗುವುದಿಲ್ಲ ಮಾಮ, ಸ್ಕೂಲಿನಲ್ಲಿ ಕೆಲಸ ಜಾಸ್ತಿ ಎಂದೆ. ಅಪ್ಪ ಬಿಡಲಿಲ್ಲ. ನಮ್ಮವನಿಗೆ ಮಾಡದೆ ಇನ್ಯಾರಿಗೆ ಮಾಡುತ್ತೀ ಅಂದ. ಬ್ಯಾಂಕಿನಲ್ಲಿ ಇಡಿ ಎಂದೆ. ನೀನು ಬ್ಯಾಂಕಿಗಿಂತ ಚೆನ್ನಾಗಿ ಮಾಡಿದೆಯಲ್ಲ ಅಂದ. ನನ್ನ ಡಿಗ್ರಿಯನ್ನು ಹಿಡಿದು ನನ್ನನ್ನೇ ಮೂಲೆಗೆ ಒತ್ತುತ್ತಿದ್ದ. ಕೊನೆಗೆ ಇನ್ನು ಹಿಂದೆ ಸರಿಯಲು ಜಾಗ ಉಳಿಯಲಿಲ್ಲ.

"ಅಪ್ಪ, ನಿನ್ನ ದುಡ್ಡು ನಾನು ಕಳೆದೆ," ಅಂದೆ. "ಆರೂವರೆ ಲಕ್ಷ. ಷೇರಲ್ಲಿ ದಿನಾ ಕೊಂಡು ಮಾರಿ ಕಳೆದೆ. ಈ ಮನೆಗೆ ಬಿದ್ದಿದ್ದು ನಾನು ಹನ್ನೊಂದು ವರ್ಷ ಮುಟ್ಟದೆ ಇಟ್ಟಿದ್ದ ದುಡ್ಡು."

ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ತೊಳೆಯುವ ಸದ್ದು ನಿಂತಿತು. ಪಳನಿ ಮಾಮ ಮೆಲ್ಲಗೆ ಕವರನ್ನು ತಮ್ಮ ಕಡೆ ಎಳೆದುಕೊಂಡರು. ಅಪ್ಪ ನನ್ನನ್ನಲ್ಲ, ಅವರನ್ನು ನೋಡಿ, "ಕೇಳಿದ್ಯಲ್ಲ. ಬ್ಯಾಂಕಲ್ಲಿ ಇಡು," ಅಂದ. ಒರಗಿದ್ದ ಬೆನ್ನನ್ನು ಗೋಡೆಯಿಂದ ಬಿಡಿಸಿಕೊಂಡು ನೆಟ್ಟಗೆ ಕೂತ.

ಅವನು ನನ್ನನ್ನು ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ. ಮುಂದಿನ ಭಾನುವಾರ ಹೋದರೆ, ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ ಹಾಕಬಹುದಾ ಎಂದು ಕೇಳಿದ. ಅದರ ಮುಂದಿನ ವಾರ, ನಲ್ಲಿಯನ್ನು ಸ್ವಲ್ಪ ಈ ಕಡೆಗೆ ತಿರುಗಿಸಿದರೆ ನಿನಗೇನೂ ಅಭ್ಯಂತರ ಇಲ್ಲವಲ್ಲ ಎಂದ. ಕರೆಂಟ್ ಬಿಲ್ಲನ್ನು ತಂದು ನನಗೆ ತೋರಿಸಿದ. ಹಗಲಲ್ಲಿ ಲೈಟು ಹಾಕುವುದಿಲ್ಲ ಎಂದೂ ಹೇಳಿದ. ಬಾಡಿಗೆಗೆ ಬಂದವರ ಹಾಗೆ ಆಡುತ್ತಾರೆ ಎಂದು ಅಮ್ಮ ನನ್ನ ಹತ್ತಿರ ಗೋಳಾಡಿದಳು. ನಾನು ಹೇಳಿ ಹಗುರಾದೆ. ಅವನು ತನ್ನ ಮನೆಯಲ್ಲಿ ಸಿಕ್ಕಿಬಿದ್ದ.

ಸಂಕ್ರಾಂತಿ ಕಳೆದು ಒಂದು ಭಾನುವಾರ. ಅಮ್ಮನಿಗೆ ಕನ್ನಡಿ ತೂಗುಹಾಕಲು ಮೊಳೆ ಬೇಕಿತ್ತು. ಎರಡು ತಿಂಗಳಿಂದ ಕನ್ನಡಿ ನೆಲದ ಮೇಲೆ ಗೋಡೆಗೆ ಒರಗಿತ್ತು, ಅವಳು ಬಗ್ಗಿ ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ಅಪ್ಪ ಒಂದು ಕೈಯಲ್ಲಿ ಸುತ್ತಿಗೆ, ಒಂದು ಕೈಯಲ್ಲಿ ಮೊಳೆ ಹಿಡಿದು ನಾನು ಬರುವುದನ್ನೇ ಕಾಯುತ್ತಿದ್ದ. ಚಪ್ಪಲಿ ಬಿಡುವ ಮೊದಲೇ ಕೇಳಿದ.

"ಇಲ್ಲೊಂದು ಮೊಳೆ ಹೊಡೀಲಾ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸುತ್ತಿಗೆ ಕಿತ್ತುಕೊಂಡು, ಮೊಳೆಯನ್ನು ಗೋಡೆಗೆ ಒತ್ತಿ ಹೊಡೆದೆ. ಮೊದಲ ಏಟಿಗೆ ಮೊಳೆ ಬಾಗಿತು. ಎರಡನೇ ಏಟು ಹೆಬ್ಬೆರಳಿಗೆ. ಮೂರನೆಯದಕ್ಕೆ ಹೊಸ ಬಣ್ಣದ ಸಮೇತ ಅಂಗೈಯಗಲ ಗಾರೆ ಎದ್ದು ಕನ್ನಡಿಯ ಮೇಲೆ ಬಿತ್ತು.

ಅಪ್ಪ ಬಗ್ಗಿ ಆ ಗಾರೆಯ ಚೂರನ್ನು ಎತ್ತಿಕೊಂಡ. ಒಂದು ಸಲ ಅದನ್ನು ನೋಡಿದ, ಒಂದು ಸಲ ಗೋಡೆಯನ್ನು ನೋಡಿದ.

"ಏನ್ ಮಾರಾಯ್ತಿ ನೀನು, ನನ್ನ ಗೋಡೆ ಹಾಳು ಮಾಡಿದ್ಯಲ್ಲ. ಡಿಗ್ರಿ ಮಾಡಿದ್ದೊಂದು ಬಂತು. ಕೊಡಿಲ್ಲಿ."

ನಾನು ಸುತ್ತಿಗೆ ಕೊಟ್ಟು ಪಕ್ಕಕ್ಕೆ ಸರಿದೆ.